ಮೊದಲ ಸಲ ಮನೆಯಲ್ಲಿ ಬಿಯರ್ ಮಾಡುವವರಿಗೆ: ಹತ್ತು ಲೀಟರ್ ಪೇಲ್ ಏಲ್ (ಒಂದು ಬಗೆಯ ಬಿಯರ್), ಶುರುವಿನಿಂದ ಬಾಟಲಿಯವರೆಗೆ

ನಾನಿರುವುದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ. ಊರು ಹಾಸನದ ಕಡೆ. ಮನೆಯಲ್ಲಿ ಬಿಯರ್ ಮಾಡಲು ಶುರು ಮಾಡಿದ ಹೊಸದರಲ್ಲಿ ಒಂದು ದಿನ ವಿಡಿಯೋ ಕಾಲ್ ಮಾಡಿದ್ದೆ. ನನ್ನ ಹಿಂದೆ ಮೂಲೆಯಲ್ಲಿದ್ದ ಬಿಳಿ ಬಕೆಟ್ ಅಮ್ಮನ ಕಣ್ಣಿಗೆ ಬಿತ್ತು. ಅದು ಗುಳುಗುಳು ಅನ್ನುತ್ತಿದ್ದದ್ದೂ ಕೇಳಿಸಿತು. "ಏನೋ ಅದು, ಮನೇಲೇ ಕಳ್ಳಭಟ್ಟಿ ಇಟ್ಟಿದ್ದೀಯಾ?"

ಬಹಳ ಜನಕ್ಕೆ ಇದೇ ಅನುಮಾನ, ಹಾಗಾಗಿ ಮೊದಲು ಇದನ್ನೇ ಮುಗಿಸೋಣ. ಭಟ್ಟಿ ಅಂದರೆ ಹುದುಗಿದ ರಸವನ್ನು ಕಾಯಿಸಿ, ಆವಿ ಹಿಡಿದು, ತಣಿಸಿ ಇಳಿಸುವುದು. ಬಿಯರ್‌ನಲ್ಲಿ ಇಳಿಸುವ ಕೆಲಸವೇ ಇಲ್ಲ. ದೋಸೆ ಹಿಟ್ಟಿನ ಹಾಗೆ ಹುದುಗು ಬರಿಸುವುದು, ಅಷ್ಟೇ. ಕಳ್ಳಭಟ್ಟಿ ಕುಡಿದು ಜನ ಸತ್ತ ಸುದ್ದಿಗಳ ಹಿಂದೆ ಸಾಮಾನ್ಯವಾಗಿ ಇರುವುದು ಕಾರ್ಖಾನೆಯ ಮೆಥನಾಲ್ ಬೆರಕೆ. ಬಾರ್ಲಿ, ಹಾಪ್ಸ್ (ಕಹಿ, ಘಮ ಕೊಡುವ ಒಂದು ಬಳ್ಳಿಯ ಹೂವು), ಯೀಸ್ಟ್, ನೀರು ಬಿಟ್ಟು ಬೇರೇನೂ ಹಾಕದ ಬಿಯರ್ ಕೆಟ್ಟರೆ ಮುಖ ಕಿವುಚಿ ಸಿಂಕಿಗೆ ಸುರಿಯುತ್ತೀರಿ, ಅಷ್ಟೇ.

ಇನ್ನು ಕಾನೂನು. ಅಮೆರಿಕದಲ್ಲಿ ಮನೆ ಬಳಕೆಗೆ ಬಿಯರ್ ಮಾಡಲು ಬಿಡುವ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200 ಗ್ಯಾಲನ್. ಮಾರುವ ಹಾಗಿಲ್ಲ. ಇದರ ಮೇಲೆ ಒಂದೊಂದು ರಾಜ್ಯಕ್ಕೂ ಅದರದೇ ನಿಯಮ ಇದೆ. ಅಲಬಾಮಾ, ಮಿಸಿಸಿಪಿ ಒಪ್ಪಿದ್ದು 2013ರಲ್ಲಿ. ಇಂಗ್ಲೆಂಡಿನಲ್ಲಿ 1963ರಿಂದ ಇದಕ್ಕೆ ಲೈಸೆನ್ಸ್ ಬೇಕಿಲ್ಲ. ಆದರೆ ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸುವುದು ಎರಡೂ ಕಡೆ ಅಪರಾಧವೇ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ಅಲ್ಲಿರುವವರು ಇದನ್ನು ಸುಮ್ನೆ ಓದಿ ಖುಷಿಪಡಿ. ಮಾಡುವ ಆಸೆಯನ್ನು ಇಂಥದ್ದಕ್ಕೆ ಅನುಮತಿ ಇರುವ ದೇಶದಲ್ಲಿ ತೀರಿಸಿಕೊಳ್ಳಿ.

ಮಡಿ, ಮುಸುರೆ

ಹೊಸಬರು ಹಾಪ್ಸ್ ಯಾವುದು, ಯೀಸ್ಟ್ ಯಾವುದು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ಮೊದಲ ಬಿಯರ್ ಚೆನ್ನಾಗಿ ಬರುವುದು ಅಥವಾ ಕೆಡುವುದು ಎರಡು ಮಾತಿನ ಮೇಲೆ ನಿಂತಿದೆ: ಪಾತ್ರೆ ಎಷ್ಟು ಶುಚಿ, ಬಕೆಟ್ ಎಷ್ಟು ತಂಪು.

ನಮ್ಮಜ್ಜಿ ಉಪ್ಪಿನಕಾಯಿ ಹಾಕುವ ದಿನ ಜಾಡಿಯ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಜಾಡಿ ಬಿಸಿಲಿಗೆ ಇಟ್ಟು ಒಣಗಿರಬೇಕು, ಸೌಟು ಒಣಗಿರಬೇಕು, ಒದ್ದೆ ಕೈ ತಾಗಿತೋ ಬೈಗುಳ. ಅಜ್ಜಿ ಅದಕ್ಕೆ ಮಡಿ ಅನ್ನುತ್ತಿದ್ದರು. ಬಿಯರ್‌ಗೂ ಅದೇ ಲೆಕ್ಕ. ಒಂದೇ ವ್ಯತ್ಯಾಸ, ಇಲ್ಲಿ ಗೆರೆ ಎಲ್ಲಿ ಎಳೆಯಬೇಕು ಅಂತ ಸ್ಪಷ್ಟವಾಗಿ ಗೊತ್ತಿದೆ. ಕುದಿ ನಿಲ್ಲುವವರೆಗೆ ಎಲ್ಲ ಮುಸುರೆ: ಪಾತ್ರೆ ಸೋಪಿನಲ್ಲಿ ತೊಳೆದಿದ್ದರೆ ಸಾಕು, ಹೇಗಿದ್ದರೂ ಒಂದು ಗಂಟೆ ಕುದಿಯುತ್ತದೆ. ಒಲೆ ಆರಿಸಿ ರಸ ತಣ್ಣಗಾಗಲು ಶುರುವಾದ ಗಳಿಗೆಯಿಂದ ಎಲ್ಲ ಮಡಿ. ಸೌಟು, ಬಕೆಟ್, ಮುಚ್ಚಳ, ಯೀಸ್ಟ್ ಪ್ಯಾಕೆಟ್ ಕತ್ತರಿಸುವ ಕತ್ತರಿ, ನಿಮ್ಮ ಕೈ, ಯಾವುದೂ ಸ್ಯಾನಿಟೈಸರ್ ತಾಗದೆ ಹತ್ತಿರ ಬರಬಾರದು.

ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ. ಮೊದಲು ಕೊಳೆ ಹೋಗಬೇಕು. ಕೊಳೆಯ ಮೇಲೆ ಸ್ಯಾನಿಟೈಸರ್ ಸುರಿದು ಏನೂ ಪ್ರಯೋಜನ ಇಲ್ಲ. ಪ್ಲಾಸ್ಟಿಕ್ ಬಕೆಟನ್ನು ಮೆತ್ತನೆ ಬಟ್ಟೆಯಲ್ಲೇ ಉಜ್ಜಿ. ಸ್ಟೀಲ್ ನಾರಿನಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ, ಆ ಗೀರಿನೊಳಗೆ ಬ್ಯಾಕ್ಟೀರಿಯಾ ಮನೆ ಕಟ್ಟಿಕೊಳ್ಳುತ್ತದೆ. ಸ್ಯಾನಿಟೈಸರ್‌ಗೆ ನಾನು ಬಳಸುವುದು ಸ್ಟಾರ್ ಸ್ಯಾನ್. ಲೀಟರ್ ನೀರಿಗೆ ಸುಮಾರು 1.5 ಮಿಲಿ. ಒಂದೆರಡು ನಿಮಿಷ ತಾಗಿದರೆ ಸಾಕು, ಮತ್ತೆ ನೀರಿನಲ್ಲಿ ತೊಳೆಯಬಾರದು. ಬಕೆಟ್ ತುಂಬ ನೊರೆ ಉಳಿಯುತ್ತದೆ, ನೋಡಿದರೆ ಗಾಬರಿ ಆಗುತ್ತದೆ. ಬಿಟ್ಟುಬಿಡಿ, ಅದು ಬಿಯರನ್ನು ಕೆಡಿಸುವುದಿಲ್ಲ. ಇದು ಆಮ್ಲ. ಬ್ಲೀಚ್ ಜೊತೆ ಬೆರೆತರೆ ವಿಷಗಾಳಿ ಬರುತ್ತದೆ, ಹಾಗಾಗಿ ಎರಡನ್ನೂ ಒಂದೇ ಕಡೆ ಇಡಲೇಬೇಡಿ.

ಏನೇನು ಬೇಕು

ಹೆಚ್ಚಿನ ಕಿಟ್‌ಗಳು 5 ಗ್ಯಾಲನ್‌ಗೆ, ಅಂದರೆ ಸುಮಾರು 19 ಲೀಟರ್‌ಗೆ ಇರುತ್ತವೆ. ಮೊದಲ ಸಲಕ್ಕೆ ಅದು ಜಾಸ್ತಿ. ಅಷ್ಟು ದೊಡ್ಡ ಪಾತ್ರೆ ಮನೆ ಒಲೆಯಲ್ಲಿ ಕುದಿ ಬರಲು ಅರ್ಧ ದಿನ ಬೇಕು, ಕೆಟ್ಟರೆ ಸುರಿಯಲು ಹೊಟ್ಟೆ ಉರಿಯುತ್ತದೆ. 10 ಲೀಟರ್ ಸರಿಯಾದ ಅಳತೆ. ಹಬ್ಬಕ್ಕೆ ಪಾಯಸ ಮಾಡುವ ಸ್ಟೀಲ್ ಪಾತ್ರೆ ಮನೆಯಲ್ಲಿ ಇರುತ್ತದಲ್ಲ, 10-12 ಲೀಟರಿನದು, ಅದೇ ಸಾಕು.

ಹೋಮ್‌ಬ್ರೂ ಅಂಗಡಿಯಿಂದ ತರಬೇಕಾದ್ದು: ಮುಚ್ಚಳದಲ್ಲಿ ತೂತಿರುವ, ಆಹಾರಕ್ಕೆ ಬಳಸುವ ದರ್ಜೆಯ 15 ಲೀಟರ್ ಬಕೆಟ್. ಅದಕ್ಕೊಂದು ಏರ್‌ಲಾಕ್, ಅಂದರೆ ಒಳಗಿನ ಗಾಳಿ ಹೊರಗೆ ಹೋಗಲು ಬಿಟ್ಟು ಹೊರಗಿನದನ್ನು ತಡೆಯುವ ಪುಟ್ಟ ಸಾಧನ. ಬಾಟಲಿ ತುಂಬುವ ದಿನಕ್ಕೆ ಇನ್ನೊಂದು ಬಕೆಟ್, ಅದಕ್ಕೆ ಬಿಯರ್ ಇಳಿಸಲು ಆಟೋ ಸೈಫನ್ ಮತ್ತು ಪೈಪು. ಬಾಟಲಿ ತುಂಬುವ ಕಡ್ಡಿ. ಬಿರಡೆ ಒತ್ತುವ ಕ್ಯಾಪರ್, ಬಿರಡೆಗಳು. ಥರ್ಮಾಮೀಟರ್. ಕೊನೆಗೆ ಹೈಡ್ರೋಮೀಟರ್. ಡೇರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ನೋಡುತ್ತಾರಲ್ಲ, ಇದು ಅದರ ಅಣ್ಣ. ಅಲ್ಲಿ ನೀರು ಬೆರೆಸಿದ್ದು ಗೊತ್ತಾಗುತ್ತದೆ, ಇಲ್ಲಿ ಸಕ್ಕರೆ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ. ಕೆಲವರು ಇದು ಬೇಡ ಅನ್ನುತ್ತಾರೆ. ಅವರ ಮಾತು ಕೇಳಿ ನಾನು ಕೆಟ್ಟೆ, ಆ ಕಥೆ ಮುಂದಿದೆ.

ಸಾಮಗ್ರಿ ಇಷ್ಟು:

- ಲೈಟ್ ಡ್ರೈ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್, 3 ಪೌಂಡಿನ ಒಂದು ಪ್ಯಾಕೆಟ್ (1.36 ಕೆಜಿ)
- ಪುಡಿ ಮಾಡಿಸಿದ ಕ್ರಿಸ್ಟಲ್ 40 ಮಾಲ್ಟ್, 200 ಗ್ರಾಂ, ಒಂದು ಜಾಲರಿ ಚೀಲ
- ಕ್ಯಾಸ್ಕೇಡ್ ಹಾಪ್ಸ್, 40 ಗ್ರಾಂ
- ಸಾಫ್‌ಏಲ್ ಯುಎಸ್-05 ಒಣ ಯೀಸ್ಟ್, 11.5 ಗ್ರಾಂ ಪ್ಯಾಕೆಟ್
- ಕುಡಿಯುವ ನೀರು, 1 ಗ್ಯಾಲನ್ನಿನ 4 ಕ್ಯಾನ್

ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು. ಮಕ್ಕಳಿಗೆ ರಾಗಿ ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡುತ್ತೇವಲ್ಲ, ಅದೇ ಕೆಲಸ ಬಾರ್ಲಿಗೆ. ಮೊಳಕೆ ಬಂದಾಗ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಹುಟ್ಟುತ್ತವೆ. ಕಾಳಿನಿಂದ ಆ ಸಕ್ಕರೆಯನ್ನು ನೀವೇ ತೆಗೆಯಬಹುದು, ಆದರೆ ಅದಕ್ಕೆ ಇನ್ನಷ್ಟು ಪಾತ್ರೆ, ಇನ್ನಷ್ಟು ಗಂಟೆ ಬೇಕು. ಎಕ್ಸ್‌ಟ್ರ್ಯಾಕ್ಟ್ ಅಂದರೆ ಆ ಕೆಲಸ ಕಾರ್ಖಾನೆಯಲ್ಲೇ ಮುಗಿಸಿ ಪುಡಿ ಮಾಡಿದ್ದು. ಇದರಲ್ಲಿ ಮಾಡಿದರೆ ಕಳ್ಳಾಟ ಅಂತ ಮೂಗು ಮುರಿಯುವವರು ಇದ್ದಾರೆ. ಅಂಗಡಿಯ ದೋಸೆ ಹಿಟ್ಟು ತಂದು ದೋಸೆ ಹುಯ್ದರೆ ಅದು ದೋಸೆಯೇ ಅಲ್ವಾ?

ನೀರು ಯಾಕೆ ಕ್ಯಾನಿನದು? ಊರಿನ ನಲ್ಲಿ ನೀರಿನಲ್ಲಿ ಕ್ಲೋರಿನ್ ಅಥವಾ ಕ್ಲೋರಮೈನ್ ಇರುತ್ತದೆ. ಕ್ಲೋರಿನ್ ಕುದಿಸಿದರೆ ಹೋಗುತ್ತದೆ, ಕ್ಲೋರಮೈನ್ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಉಳಿದರೆ ಬಿಯರ್‌ಗೆ ಗಾಯದ ಪಟ್ಟಿಯ ವಾಸನೆ ಬರುತ್ತದೆ.

ಕುದಿಸುವ ದಿನ

ಹಿಂದಿನ ರಾತ್ರಿಯೇ ಎರಡು ಕ್ಯಾನ್ ನೀರನ್ನು ಸೀಲ್ ಒಡೆಯದೆ ಫ್ರಿಜ್‌ನಲ್ಲಿ ಇಡಿ. ಇದನ್ನು ಮರೆತರೆ ಮಾರನೇ ದಿನ ಒಂದು ಗಂಟೆ ಜಾಸ್ತಿ ಕಾಯಬೇಕಾಗುತ್ತದೆ.

ಪಾತ್ರೆಗೆ 7 ಲೀಟರ್ ನೀರು ಹಾಕಿ 68 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಒಲೆ ಆರಿಸಿ. ಕ್ರಿಸ್ಟಲ್ ಮಾಲ್ಟನ್ನು ಚೀಲದಲ್ಲಿ ಕಟ್ಟಿ, ಟೀ ಬ್ಯಾಗ್ ಹಾಗೆ ಅರ್ಧ ಗಂಟೆ ಅದ್ದಿಡಿ. ನೀರು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಚೀಲ ಎತ್ತಿ, ರಸ ಸೋರಲು ಬಿಟ್ಟು ತೆಗೆಯಿರಿ. ಚೀಲ ಒಳಗಿರುವಾಗ ನೀರು ಕುದಿಯಬಾರದು. ಕುದಿದರೆ ಸಿಪ್ಪೆಯ ಒಗರು ಬಿಟ್ಟುಕೊಳ್ಳುತ್ತದೆ.

ಈಗ ಎಕ್ಸ್‌ಟ್ರ್ಯಾಕ್ಟ್. ಇದನ್ನು ಉರಿಯುವ ಒಲೆಯ ಮೇಲೆ ಸುರಿಯಬೇಡಿ. ಆವಿ ತಾಗಿದ ಕೂಡಲೇ ಪುಡಿ ಗಂಟು ಕಟ್ಟುತ್ತದೆ, ಸೌಟಿಗೆ ಬೆಲ್ಲದ ಪಾಕದ ಹಾಗೆ ಅಂಟುತ್ತದೆ. ತಳಕ್ಕೆ ಇಳಿದರೆ ಸೀಯುತ್ತದೆ. ಒಲೆ ಆರಿಸಿಯೇ ಸ್ವಲ್ಪ ಸ್ವಲ್ಪ ಉದುರಿಸುತ್ತಾ, ರಾಗಿ ಮುದ್ದೆಗೆ ತೊಳಸುವ ಹಾಗೆ ಒಂದೇ ಸಮನೆ ತಿರುವಿ. ಪೂರ್ತಿ ಕರಗಿದ ಮೇಲೆ ಒಲೆ ಹಚ್ಚಿ. ಮನೆ ತುಂಬ ಹಾರ್ಲಿಕ್ಸ್ ವಾಸನೆ. ಹಾರ್ಲಿಕ್ಸ್‌ನಲ್ಲಿರುವುದೂ ಬಾರ್ಲಿ ಮಾಲ್ಟೇ. ಈ ರಸಕ್ಕೆ ವರ್ಟ್ ಅನ್ನುತ್ತಾರೆ.

ಮುಂದಿನ ಹತ್ತು ನಿಮಿಷ ಫೋನು ಬದಿಗಿಡಿ. ಕುದಿ ಬರುವ ಮುಂಚೆ ವರ್ಟ್ ಮೇಲೆ ಕಂದು ನೊರೆ ಕಟ್ಟುತ್ತದೆ. ಏನೂ ಆಗುತ್ತಿಲ್ಲ ಅನ್ನುವಷ್ಟರಲ್ಲಿ, ಹಾಲು ಉಕ್ಕುವ ಹಾಗೆ ಒಂದೇ ಉಸಿರಿಗೆ ಅಂಚಿನವರೆಗೆ ಏರುತ್ತದೆ. ಗೃಹಪ್ರವೇಶಕ್ಕೆ ಹಾಲು ಉಕ್ಕಿದರೆ ಶುಭ. ಇದು ಉಕ್ಕಿದರೆ ಒಲೆಯ ಮೇಲೆ ಸುಟ್ಟ ಸಕ್ಕರೆ, ವಾರವಿಡೀ ಉಜ್ಜುವ ಕೆಲಸ, ಮನೆಯವರ ಮುನಿಸು. ಪಕ್ಕದಲ್ಲಿ ಒಂದು ಲೋಟ ತಣ್ಣೀರು ಇಟ್ಟುಕೊಳ್ಳಿ. ನೊರೆ ಏರಿದರೆ ಉರಿ ತಗ್ಗಿಸಿ, ನೀರು ಚಿಮುಕಿಸಿ. ಸ್ವಲ್ಪ ಹೊತ್ತಿಗೆ ನೊರೆ ತಾನೇ ಒಡೆದು ಇಳಿಯುತ್ತದೆ. ಮುಚ್ಚಳ ಮಾತ್ರ ಮುಚ್ಚಬೇಡಿ.

ನೊರೆ ಇಳಿದ ಮೇಲೆ 60 ನಿಮಿಷದ ಲೆಕ್ಕ ಶುರು. ಆಗಲೇ 15 ಗ್ರಾಂ ಹಾಪ್ಸ್ ಹಾಕಿ, ಇದು ಕಹಿಗೆ. 45 ನಿಮಿಷ ಆದಾಗ 10 ಗ್ರಾಂ, ಇದು ರುಚಿಗೆ. ಒಲೆ ಆರಿಸಿದಾಗ ಉಳಿದ 15 ಗ್ರಾಂ, ಇದು ಘಮಕ್ಕೆ. ಒಂದೇ ಹಾಪ್ಸ್, ಹಾಕುವ ಹೊತ್ತು ಬೇರೆ ಅಷ್ಟೇ. ಹಾಪ್ಸ್‌ನ ಕಹಿ ಬಿಡಲು ಕುದಿಯಬೇಕು, ಘಮ ಕುದಿದರೆ ಹಾರಿಹೋಗುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಇಳಿಸುವಾಗ ಹಾಕುವುದೂ ಇದಕ್ಕೇ ತಾನೆ? ಕ್ಯಾಸ್ಕೇಡ್ ನಮ್ಮ ಆರೆಗಾನ್‌ನಲ್ಲೇ ಬೆಳೆಸಿದ ತಳಿ, ಕಿತ್ತಳೆ ಸಿಪ್ಪೆ ಮುರಿದ ಹಾಗೆ ವಾಸನೆ. ಮನೆಯಲ್ಲಿ ನಾಯಿ ಇದ್ದರೆ ಹಾಪ್ಸ್, ಅದರ ಚರಟ ಎರಡೂ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ. ನಾಯಿಗಳಿಗೆ ಅದು ವಿಷ, ಪ್ರಾಣಕ್ಕೇ ಅಪಾಯ.

ಇಲ್ಲಿಂದ ಮಡಿ. ಸಿಂಕಿಗೆ ಐಸ್ ಮತ್ತು ನೀರು ತುಂಬಿ ಪಾತ್ರೆ ಇಳಿಸಿ, ಸ್ಯಾನಿಟೈಸ್ ಮಾಡಿದ ಮುಚ್ಚಳ ಮುಚ್ಚಿ. ಐಸ್ ಕರಗಿದ ಹಾಗೆ ನೀರು ಬದಲಿಸಿ. ವರ್ಟ್ 30 ಡಿಗ್ರಿಗೆ ಇಳಿದರೆ ಸಾಕು. ಕುದಿದು ಉಳಿದಿರುವುದು ಸುಮಾರು ಐದೂವರೆ ಲೀಟರ್. ಅದನ್ನು ಬಕೆಟಿಗೆ ಸುರಿದು, ಫ್ರಿಜ್‌ನಲ್ಲಿದ್ದ ನೀರನ್ನು 10 ಲೀಟರ್ ಗೆರೆಯವರೆಗೆ ಸೇರಿಸಿ. ಎರಡೂ ಬೆರೆತರೆ 18-19 ಡಿಗ್ರಿಗೆ ಬಂದು ನಿಲ್ಲುತ್ತದೆ.

ಸುರಿಯುವಾಗ ಎತ್ತರದಿಂದ, ಟೀ ಅಂಗಡಿಯವನು ಟೀ ಎತ್ತಿ ಹೊಯ್ಯುವ ಹಾಗೆ ಸುರಿಯಿರಿ. ಯೀಸ್ಟ್ ಬೆಳೆಯಲು ಶುರುವಿನಲ್ಲಿ ಆಮ್ಲಜನಕ ಬೇಕು. ಬಿಯರ್‌ಗೆ ಗಾಳಿ ಬೆರೆಸುವುದು ಇದೊಂದೇ ಸಲ. ಒಂದಿಷ್ಟು ವರ್ಟ್ ತೆಗೆದು ಹೈಡ್ರೋಮೀಟರ್ ಬಿಟ್ಟು ನೋಡಿ. ಸುಮಾರು 1.052 ತೋರಿಸಬೇಕು. ಬರೆದಿಡಿ. ಆ ಸ್ಯಾಂಪಲ್ಲನ್ನು ವಾಪಸ್ ಸುರಿಯಬೇಡಿ, ಕುಡಿದು ನೋಡಿ. ಸಿಹಿ, ಕಹಿ ಎರಡೂ ಒಟ್ಟಿಗೆ, ವಿಚಿತ್ರವಾಗಿರುತ್ತದೆ.

ಯೀಸ್ಟ್ ಪ್ಯಾಕೆಟ್ ಒಡೆದು ಮೇಲಿಂದ ಉದುರಿಸಿ. ಒಂದು ಪ್ಯಾಕೆಟ್ 20 ಲೀಟರ್‌ಗೆ ಸಾಕಾಗುವಷ್ಟು ಇರುತ್ತದೆ. ಪರವಾಗಿಲ್ಲ, ಪೂರ್ತಿ ಹಾಕಿ. ಮುಚ್ಚಳ ಒತ್ತಿ, ಏರ್‌ಲಾಕ್‌ಗೆ ಅರ್ಧ ಸ್ಯಾನಿಟೈಸರ್ ತುಂಬಿ ಸಿಕ್ಕಿಸಿ.

ಬಕೆಟಿನ ಎರಡು ವಾರ

ಚಳಿ ದೇಶಕ್ಕೆ ಬಂದ ನಾವೆಲ್ಲ ದೋಸೆ ಹಿಟ್ಟನ್ನು ಓವನ್ ಒಳಗಿಟ್ಟು ದೀಪ ಹಾಕಿ ಮಲಗುವವರು. ಹುದುಗು ಅಂದರೆ ಬೆಚ್ಚಗಿರಬೇಕು ಅಂತ ತಲೆಯಲ್ಲಿ ಕೂತಿದೆ. ಇಲ್ಲಿ ಅದನ್ನು ಮರೆಯಬೇಕು. ಈ ಯೀಸ್ಟ್‌ಗೆ 18ರಿಂದ 20 ಡಿಗ್ರಿ ಹಿತ. ಅದರ ಮೇಲೆ, ಯೀಸ್ಟ್ ಕೆಲಸ ಮಾಡುವಾಗ ತಾನೇ ಶಾಖ ಹುಟ್ಟಿಸುತ್ತದೆ. ಕೋಣೆ 20 ಇದ್ದರೆ ಬಕೆಟ್ ಒಳಗೆ ಎರಡು ಮೂರು ಡಿಗ್ರಿ ಜಾಸ್ತಿಯೇ ಇರಬಹುದು. ಬಿಸಿ ಹೆಚ್ಚಾದರೆ ಬಿಯರ್ ಗಂಟಲು ಸುಡುತ್ತದೆ, ನೇಲ್ ಪಾಲಿಶ್ ವಾಸನೆ ಬರುತ್ತದೆ. ಮೊದಲ ಮೂರು ನಾಲ್ಕು ದಿನ ಇದು ಬಹಳ ಮುಖ್ಯ.

ದುಬಾರಿ ಫ್ರಿಜ್ ಬೇಡ. ಬಕೆಟನ್ನು ಅಗಲವಾದ ಟಬ್‌ನಲ್ಲಿಟ್ಟು ಸುತ್ತ ನೀರು ತುಂಬಿ, ಹಳೆ ಟಿ-ಶರ್ಟ್ ಒದ್ದೆ ಮಾಡಿ ಬಕೆಟಿಗೆ ತೊಡಿಸಿ. ಬೆಳಿಗ್ಗೆ ಒಂದು, ಸಂಜೆ ಒಂದು ಐಸ್ ಕಟ್ಟಿದ ನೀರಿನ ಬಾಟಲಿ ಟಬ್‌ಗೆ ಬಿಡಿ. ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತುವ ಉಪಾಯ, ಅಷ್ಟೇ. ಬಿಸಿಲು ಬೀಳದ ಜಾಗದಲ್ಲಿ ಇಡಿ.

ಒಂದು ದಿನದೊಳಗೆ ಏರ್‌ಲಾಕ್ ಗುಳುಗುಳು ಶುರು ಮಾಡುತ್ತದೆ. ಒಳಗೆ ನೊರೆಯ ದಪ್ಪ ಪದರ ಕಟ್ಟುತ್ತದೆ, ಅದರ ಮೇಲೆ ಕಂದು, ಹಸಿರು ಕೊಳೆ. ನೋಡಿದರೆ ಕೆಟ್ಟುಹೋಗಿದೆ ಅನಿಸುತ್ತದೆ. ಕೆಟ್ಟಿಲ್ಲ. ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆದು ಇಣುಕಿದರೆ ಕೆಡುತ್ತದೆ. ಬೂಷ್ಟು ಬಂದರೆ ಉಪ್ಪಿನಕಾಯಿ ಮೇಲಿನ ಬೂಷ್ಟಿನ ಹಾಗೇ ಕೂದಲು ಕೂದಲಾಗಿ ಇರುತ್ತದೆ, ಗುರುತು ಸಿಗುತ್ತದೆ.

ಈಗ ನನ್ನ ಕಥೆ. ಮೊದಲ ಸಲ ಏಳನೇ ದಿನಕ್ಕೆ ಗುಳುಗುಳು ನಿಂತಿತು. ಮುಗಿಯಿತು ಅಂದುಕೊಂಡು ಬಾಟಲಿ ತುಂಬಿ ಬಟ್ಟೆ ಬೀರುವಿನಲ್ಲಿ ಸಾಲಾಗಿ ಇಟ್ಟೆ. ಹೈಡ್ರೋಮೀಟರ್ ಇರಲಿಲ್ಲ. ಒಂಬತ್ತನೇ ರಾತ್ರಿ ಎರಡು ಗಂಟೆಗೆ ಪಟಾಕಿ ಹೊಡೆದ ಹಾಗೆ ಸದ್ದು. ಎದ್ದು ಓಡಿದೆ. ಬೀರುವಿನ ಬಾಗಿಲ ಸಂದಿಯಿಂದ ಬಿಯರ್ ಹರಿದು ಬರುತ್ತಿತ್ತು. ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಇನ್ನೊಂದು ಸಿಡಿಯಿತು. ನಾಲ್ಕು ಬಾಟಲಿ ಚೂರುಚೂರು, ಮದುವೆಯ ರೇಷ್ಮೆ ಪಂಚೆಯ ಮೇಲೆ ಗಾಜು. ಒಂದು ಕ್ಷಣ ಮುಂಚೆ ಬಾಗಿಲು ತೆಗೆದಿದ್ದರೆ ಆ ಗಾಜು ನನ್ನ ಮುಖಕ್ಕೆ ಬರುತ್ತಿತ್ತು.

ಯೀಸ್ಟ್ ಇನ್ನೂ ಸಕ್ಕರೆ ತಿನ್ನುತ್ತಿರುವಾಗಲೇ ಬಿರಡೆ ಒತ್ತಿದರೆ ಅದು ಬಿಡುವ ಗಾಳಿಗೆ ಹೋಗಲು ದಾರಿ ಇಲ್ಲ. ಗುಳುಗುಳು ನಿಲ್ಲುವುದು ಏನನ್ನೂ ಹೇಳುವುದಿಲ್ಲ. ಮುಚ್ಚಳ ಸರಿಯಾಗಿ ಕೂರದಿದ್ದರೂ ಅದು ನಿಲ್ಲುತ್ತದೆ. ಹದಿನಾಲ್ಕನೇ ದಿನ ಹೈಡ್ರೋಮೀಟರ್ ಬಿಟ್ಟು ನೋಡಿ. ಮೂರು ದಿನ ಬಿಟ್ಟು ಮತ್ತೆ ನೋಡಿ. ಎರಡು ಸಲವೂ ಒಂದೇ ಅಂಕಿ ಬಂದು, ಅದು 1.012ರ ಆಸುಪಾಸಿನಲ್ಲಿದ್ದರೆ ಮುಗಿದಿದೆ. ಮೊದಲ ಅಂಕಿಯಲ್ಲಿ ಕೊನೆಯದನ್ನು ಕಳೆದು 131ರಿಂದ ಗುಣಿಸಿ. ನಮ್ಮ ಲೆಕ್ಕಕ್ಕೆ ಸುಮಾರು ಶೇಕಡಾ 5.2 ಆಲ್ಕೋಹಾಲ್.

ಬಾಟಲಿ ತುಂಬುವುದು

ಕಂದು ಬಣ್ಣದ, ಓಪನರ್‌ನಿಂದ ತೆಗೆಯುವ ಬಾಟಲಿಗಳನ್ನು ಕೂಡಿಡಿ. 330 ಮಿಲಿಯದಾದರೆ 27 ಬೇಕು. ತಿರುಪುವ ಬಿರಡೆಯವು ಬೇಡ, ಕ್ಯಾಪರ್ ಸರಿಯಾಗಿ ಹಿಡಿಯುವುದಿಲ್ಲ. ಪಾರದರ್ಶಕ, ಹಸಿರು ಬಾಟಲಿಗಳಲ್ಲಿ ಬೆಳಕು ನುಗ್ಗಿ ಹಾಪ್ಸ್‌ನ ಅಂಶ ಕೆಟ್ಟು ನಾತ ಹೊಡೆಯುತ್ತದೆ.

ಬಿಯರ್‌ಗೆ ನೊರೆ ಬರಿಸುವುದು ಬಾಟಲಿಯೊಳಗೆ ನಡೆಯುವ ಎರಡನೇ, ಪುಟ್ಟ ಹುದುಗು. ಅದಕ್ಕೆ ಅಳೆದ ಸಕ್ಕರೆ ಬೇಕು. ಬಕೆಟಿನ ತಳದ ಗಷ್ಟು ಬಿಟ್ಟರೆ ಸಿಗುವುದು 9 ಲೀಟರ್. ಅದಕ್ಕೆ 55 ಗ್ರಾಂ ಮನೆ ಸಕ್ಕರೆ. ಚಮಚದ ಅಳತೆ ಬೇಡ, ತೂಕ ಮಾಡಿ. ಒಂದು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ, ಆರಿಸಿ, ಸ್ಯಾನಿಟೈಸ್ ಮಾಡಿದ ಇನ್ನೊಂದು ಬಕೆಟಿನ ತಳಕ್ಕೆ ಹಾಕಿ. ಅದರ ಮೇಲೆ ಸೈಫನ್ನಿಂದ ಬಿಯರ್ ಇಳಿಸಿ. ಪೈಪಿನ ತುದಿ ತಳದಲ್ಲೇ ಇರಲಿ, ಸದ್ದಿಲ್ಲದೆ ತುಂಬಲಿ. ಮೊದಲ ದಿನ ಬೇಕಿದ್ದ ಗಾಳಿ ಈಗ ಶತ್ರು. ಗಾಳಿ ಬೆರೆತ ಬಿಯರ್ ಕೆಲವೇ ವಾರದಲ್ಲಿ ನೆನೆದ ರಟ್ಟಿನ ರುಚಿಗೆ ತಿರುಗುತ್ತದೆ. ಡೀಸೆಲ್ ಪೈಪಿಗೆ ಬಾಯಿ ಹಾಕಿ ಎಳೆಯುವ ಹಾಗೆ ಸೈಫನ್ ಎಳೆಯಬೇಡಿ. ಇಷ್ಟು ದಿನ ಕಾಪಾಡಿದ ಮಡಿ ಒಂದು ಉಸಿರಿಗೆ ಹೋಗುತ್ತದೆ.

ತುಂಬುವ ಕಡ್ಡಿಯನ್ನು ತಳಕ್ಕೆ ಒತ್ತಿ, ಬಾಟಲಿಯ ಬಾಯಿಯವರೆಗೆ ತುಂಬಿ. ಕಡ್ಡಿ ತೆಗೆದರೆ ಬೇಕಾದಷ್ಟೇ ಖಾಲಿ ಜಾಗ ಉಳಿಯುತ್ತದೆ. ಬಿರಡೆ ಒತ್ತಿ. ಇಬ್ಬರಿದ್ದರೆ ಒಂದು ಗಂಟೆಯ ಕೆಲಸ, ಒಬ್ಬರೇ ಆದರೆ ಬೆನ್ನು ಹಿಡಿಯುತ್ತದೆ. ತುಂಬಿದ ಬಾಟಲಿಗಳನ್ನು ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ಹಳೆ ಕಂಬಳಿ ಹೊದಿಸಿ, ಯಾರೂ ಓಡಾಡದ ಕಡೆ 20-22 ಡಿಗ್ರಿಯಲ್ಲಿ ಎರಡು ವಾರ ಬಿಡಿ. ಈಗ ಸ್ವಲ್ಪ ಬೆಚ್ಚಗಿದ್ದರೆ ಒಳ್ಳೆಯದೇ.

ಎರಡು ವಾರದ ಮೇಲೆ ಎರಡು ಬಾಟಲಿ ಫ್ರಿಜ್‌ಗೆ ಹಾಕಿ, ಎರಡು ಮೂರು ದಿನ ಬಿಟ್ಟು ತೆಗೆಯಿರಿ. ಬಗ್ಗಿಸುವಾಗ ತಳದ ಅರ್ಧ ಇಂಚು ಬಿಟ್ಟುಬಿಡಿ, ಅದು ಯೀಸ್ಟ್. ನೊರೆ ಸಾಲದಿದ್ದರೆ ಉಳಿದವನ್ನು ಇನ್ನೊಂದು ವಾರ ಹೊರಗೇ ಬಿಡಿ. ಹಸಿ ಸೇಬಿನ ವಾಸನೆ ಬಂದರೆ ಅವಸರ ಮಾಡಿದ್ದೀರಿ, ಇನ್ನೂ ಕಾಯಿರಿ. ಬೆಣ್ಣೆ ವಾಸನೆ ಬಂದರೆ ಮುಂದಿನ ಸಲ ಬಕೆಟಿನಲ್ಲಿ ಎರಡು ಮೂರು ದಿನ ಜಾಸ್ತಿ ಇಡಿ. ಮಜ್ಜಿಗೆಯ ಹಾಗೆ ಹುಳಿಯಾಗಿ, ಬಿರಡೆ ತೆಗೆದ ಕೂಡಲೇ ಕಾರಂಜಿಯಂತೆ ಚಿಮ್ಮಿದರೆ ಎಲ್ಲೋ ಮುಸುರೆ ತಾಗಿದೆ. ಉಳಿದ ಬಾಟಲಿಗಳೂ ಹಾಗೇ ಇದ್ದರೆ ದಪ್ಪ ಟವಲ್ ಸುತ್ತಿ, ಕನ್ನಡಕ ಹಾಕಿಕೊಂಡು ಒಂದೊಂದಾಗಿ ತೆಗೆದು ಸುರಿದುಬಿಡಿ.

ಚೆನ್ನಾಗಿ ಬಂದಿದ್ದರೆ ಸ್ನೇಹಿತರನ್ನು ಕರೆಯಿರಿ, ಕಾರು ಓಡಿಸುವವರಿಗೆ ಮಾತ್ರ ಮಜ್ಜಿಗೆ ಕೊಡಿ. ಕುಡಿದು ಮುಗಿಸಿದ ಬಾಟಲಿಯನ್ನು ಆಗಲೇ ಮೂರು ಸಲ ಬಿಸಿನೀರಿನಲ್ಲಿ ಕುಲುಕಿ ಬೋರಲು ಹಾಕಿ. ಬೆಳಿಗ್ಗೆ ತೊಳೆದರಾಯಿತು ಅಂತ ಬಿಟ್ಟರೆ ತಳದಲ್ಲಿ ಗಷ್ಟು ಒಣಗಿ ಹಿಡಿಯುತ್ತದೆ. ಮುಂದಿನ ಸಲ 27 ಬಾಟಲಿಗೂ ಬ್ರಷ್ ಹಾಕಿ ತಿಕ್ಕುತ್ತಾ ಕೂರಬೇಕಾಗುತ್ತದೆ.